ಆ ಬಿಳಿ ಮೇಕೆಯ ಬಗ್ಗೆ ಬರೆಯಿರಿ

ಆತ್ಮೀಯರೇ, ನಮಸ್ಕಾರ.

ನೀವು ಸಿಯಾಟಲ್‌ನಿಂದ ಕಳಿಸಿದ ‘ಅಮೆರಿಕದ ಗಿರಿಶಿಖರಗಳ ಒಡೆಯರು’ ಲೇಖನ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾರೆ. ಅದರೊಳಗೆ ನೀವು ಮಾತ್ರ ಬರೆಯಬಲ್ಲ ಒಂದು ಲೇಖನ ಇದೆ ಅನ್ನಿಸಿದ್ದರಿಂದ ಇಷ್ಟು ವಿವರವಾಗಿ ಉತ್ತರಿಸುತ್ತಿದ್ದೇನೆ.

ಅಲಾಸ್ಕದ ಡಾಲ್ ಕುರಿಯಿಂದ ಹಿಡಿದು ಚಿಲಿಯ ಪುದು ಜಿಂಕೆಯವರೆಗೆ ಒಂಬತ್ತು ಪ್ರಾಣಿಗಳನ್ನು ಸೇರಿಸಿದ್ದೀರಿ. ಪ್ರತಿಯೊಂದಕ್ಕೂ ತೂಕ, ಎತ್ತರ, ಮೇವು, ಮರಿ ಹಾಕುವ ಕಾಲ. ಶ್ರಮ ಕಾಣುತ್ತದೆ, ಆದರೆ ಓದಿ ಮುಗಿಸಿದ ಮೇಲೆ ಒಂದು ಪ್ರಾಣಿಯೂ ಕಣ್ಣಮುಂದೆ ನಿಲ್ಲುವುದಿಲ್ಲ. ನಾನು ತಡೆದು ನಿಂತದ್ದು ಹನ್ನೊಂದನೆಯ ಪ್ಯಾರಾದಲ್ಲಿ: “2017ರ ಬೇಸಿಗೆಯಲ್ಲಿ ಒಲಿಂಪಿಕ್ ರಾಷ್ಟ್ರೀಯ ಉದ್ಯಾನಕ್ಕೆ ಚಾರಣ ಹೋಗಿದ್ದಾಗ, ಬಂಡೆಗೆ ಒರಗಿಸಿಟ್ಟಿದ್ದ ನನ್ನ ಬ್ಯಾಗಿನ ಪಟ್ಟಿಯನ್ನು ಬಿಳಿ ಮೇಕೆಯೊಂದು ನೆಕ್ಕುತ್ತಿತ್ತು. ಓಡಿಸಿದರೂ ಹೋಗಲಿಲ್ಲ.” ಇಷ್ಟು ಹೇಳಿ ಮರುಸಾಲಿನಲ್ಲೇ ಮ್ಯೂಲ್ ಜಿಂಕೆಯ ಕಿವಿಗೆ ಹೋಗಿಬಿಟ್ಟಿದ್ದೀರಿ.

ಅದು ಯಾಕೆ ಹೋಗಲಿಲ್ಲ? ಅದಕ್ಕೆ ಬೇಕಿದ್ದದ್ದು ನಿಮ್ಮ ಬೆವರಿನ ಉಪ್ಪು. ವಾಷಿಂಗ್ಟನ್ ರಾಜ್ಯದ ಒಲಿಂಪಿಕ್ ಬೆಟ್ಟಗಳಲ್ಲಿ ‘ಮೌಂಟನ್ ಗೋಟ್’ ಎನ್ನುವ ಈ ಕಾಡಿನ ಮೇಕೆಗಳಿಗೆ ನೆಕ್ಕಲು ಉಪ್ಪಿನ ನೆಲ ಸಿಗುವುದಿಲ್ಲ. ಹಾಗಾಗಿ ಅವು ಚಾರಣಿಗರ ಬೆವರಿಗೆ, ಮೂತ್ರಕ್ಕೆ ಒಗ್ಗಿಕೊಂಡವು. ಕಾಲುದಾರಿಯ ಪಕ್ಕದಲ್ಲಿ ಮೂತ್ರ ಮಾಡಬೇಡಿ ಎಂದು ಉದ್ಯಾನದವರು ಹೇಳುತ್ತಿದ್ದದ್ದು ಇದಕ್ಕೇ. ಮನುಷ್ಯನ ಭಯ ಹೋದದ್ದರ ಫಲ ಏನಾಯಿತು ಎಂಬುದಕ್ಕೆ 2010ರ ಘಟನೆ ಇದೆ: ಇದೇ ಉದ್ಯಾನದಲ್ಲಿ ಒಂದು ಹೋತ ತಿವಿದು ಚಾರಣಿಗರೊಬ್ಬರು ಜೀವ ಕಳೆದುಕೊಂಡರು.

ನೀವು ಆ ಮೇಕೆಯನ್ನು ‘ಈ ಪರ್ವತಗಳ ಮೂಲನಿವಾಸಿ’ ಎಂದಿದ್ದೀರಿ. ಅದು ತಪ್ಪು, ಮತ್ತು ನಿಮ್ಮ ಲೇಖನದ ಜೀವಾಳ ಇರುವುದೂ ಆ ತಪ್ಪಿನಲ್ಲೇ. 1920ರ ದಶಕದಲ್ಲಿ, ಅಂದರೆ 1938ರಲ್ಲಿ ಉದ್ಯಾನ ಆಗುವುದಕ್ಕೂ ಮುಂಚೆ, ಬೇಟೆಗೆಂದು ಹನ್ನೆರಡರಷ್ಟು ಮೇಕೆಗಳನ್ನು ಹೊರಗಿನಿಂದ ತಂದು ಅಲ್ಲಿ ಬಿಟ್ಟರು. ಅವು ನೂರಾರಾದವು. ಮೈ ಹೊರಳಿಸಿ ಮಣ್ಣು ಕೆದಕಿ, ಬೇರೆಲ್ಲೂ ಬೆಳೆಯದ ಗಿಡಗಳಿಗೆ ಕುತ್ತು ತಂದವು. ಕೊನೆಗೆ 2018ರಿಂದ 2020ರವರೆಗೆ, ಅವುಗಳ ನಿಜವಾದ ನೆಲೆಯಾದ ಕ್ಯಾಸ್ಕೇಡ್ ಪರ್ವತಗಳಿಗೆ 300ಕ್ಕೂ ಹೆಚ್ಚು ಮೇಕೆಗಳನ್ನು ಸಾಗಿಸಿದರು. ಕಣ್ಣಿಗೆ ಪಟ್ಟಿ ಕಟ್ಟಿ, ಕಾಲು ಬಿಗಿದು, ಹೆಲಿಕಾಪ್ಟರಿನ ಕೆಳಗೆ ಜೋಲಿಯಲ್ಲಿ ತೂಗುಹಾಕಿ ಇಳಿಸಿದರು. ಹಿಡಿಯಲಾಗದೆ ಉಳಿದವನ್ನು ಗುಂಡಿಟ್ಟು ಕೊಂದರು. ನಿಮ್ಮ ಬ್ಯಾಗು ನೆಕ್ಕಿದ ಮೇಕೆಗೆ ಈ ಎರಡರಲ್ಲಿ ಒಂದು ಗತಿ ಬಂದಿರುವ ಸಾಧ್ಯತೆ ಬಹಳ.

ಮೇಕೆಗಳನ್ನು ತೆಗೆದದ್ದು ಸರಿಯೆಂದೇ ನನ್ನ ಅಭಿಪ್ರಾಯ. ಆದರೂ ಮನುಷ್ಯ ತಂದು ಬಿಟ್ಟ, ಮನುಷ್ಯನ ಉಪ್ಪಿಗೆ ಒಗ್ಗಿದ ಪ್ರಾಣಿಯನ್ನು ಅದೇ ಮನುಷ್ಯ ಗುಂಡಿಟ್ಟು ಕೊಂದದ್ದನ್ನು ನೆನೆದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ನಿಮಗೆ ಏನನ್ನಿಸುತ್ತದೆ? ಅದರ ಮುಂದೆ ನಿಂತಿದ್ದವರು ನೀವು. ಆ ಉತ್ತರ ಲೇಖನದಲ್ಲಿ ಇರಬೇಕು.

ಭಾಷೆಯ ಬಗ್ಗೆ ಒಂದು ಮಾತು. ‘ಪ್ರಕೃತಿ ಮಾತೆಯ ರಮಣೀಯ ಮಡಿಲಲ್ಲಿ ನಲಿಯುವ ಶ್ವೇತಸುಂದರಿ’ ಎಂದು ಬರೆದಾಗ ನನಗೆ ಮೇಕೆ ಕಾಣುವುದಿಲ್ಲ. ಬೇಸಿಗೆಯಲ್ಲಿ ಅದರ ಚಳಿಗಾಲದ ತುಪ್ಪಳ ಉದುರುತ್ತಾ ಚಿಂದಿಚಿಂದಿಯಾಗಿ ಮೈಮೇಲೆ ಜೋತಾಡುತ್ತದೆ, ಪೊದೆಗಳಿಗೆ ಸಿಕ್ಕಿಕೊಳ್ಳುತ್ತದೆ. ಗೊರಸಿನ ಅಂಚು ಗಟ್ಟಿ, ನಡುವಿನ ಮೆತ್ತೆ ಮೆದು, ಬಂಡೆಯನ್ನು ಕಚ್ಚಿ ಹಿಡಿಯಲು. ಅಷ್ಟು ಹತ್ತಿರದಿಂದ ನೋಡಿದ್ದೀರಿ, ಕಂಡದ್ದನ್ನು ಹಾಗೆಯೇ ಹೇಳಿ.

ಇನ್ನು ಕೆಲವು ತಪ್ಪುಗಳು. ಬಿಳಿ ಮೇಕೆಗಳು ಬಿಗ್‌ಹಾರ್ನ್ ಟಗರುಗಳ ಹಾಗೆ ತಲೆಗೆ ತಲೆ ಕೊಟ್ಟು ಡಿಕ್ಕಿ ಹೊಡೆಯುತ್ತವೆ ಎಂದಿದ್ದೀರಿ. ಇಲ್ಲ. ಅವು ಪಕ್ಕಕ್ಕೆ ಪಕ್ಕ ನಿಂತು ಸುತ್ತುತ್ತಾ ಎದುರಾಳಿಯ ತೊಡೆಗೆ, ಪಕ್ಕೆಗೆ ತಿವಿಯುತ್ತವೆ. ಅವುಗಳ ಕೊಂಬು ಕಠಾರಿಯಂಥದ್ದು. ಆಂಡಿಸ್ ಶಿಖರಗಳಲ್ಲಿ ಕಾಡುಕುರಿಗಳನ್ನು ಓಡಾಡಿಸಿದ್ದೀರಿ. ದಕ್ಷಿಣ ಅಮೆರಿಕದಲ್ಲಿ ಅಲ್ಲಿನದೇ ಆದ ಕಾಡುಕುರಿಯೂ ಇಲ್ಲ, ಕಾಡುಮೇಕೆಯೂ ಇಲ್ಲ. ಅಲ್ಲಿರುವುದು ಒಂಟೆಯ ಬಳಗದ ವಿಕುನ್ಯ, ಗ್ವನಾಕೊ, ಜೊತೆಗೆ ಹುವೆಮುಲ್‌ನಂಥ ಜಿಂಕೆಗಳು. ಚಿಲಿಯ ರಾಷ್ಟ್ರಲಾಂಛನದಲ್ಲಿ ಕಾಂಡೋರ್ ರಣಹದ್ದಿನ ಎದುರು ನಿಂತಿರುವುದು ಈ ಹುವೆಮುಲ್, ಈಗ ಅಳಿವಿನಂಚಿನಲ್ಲಿದೆ.

ಬಿಗ್‌ಹಾರ್ನ್‌ಗಳಿಗೆ ವಲಸೆಯ ದಾರಿ ‘ಹುಟ್ಟಿನಿಂದಲೇ ಗೊತ್ತು’ ಎಂಬ ಸಾಲನ್ನೂ ತೆಗೆಯಿರಿ. ವಯೋಮಿಂಗ್ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆಯೇ ಹೇಳುತ್ತದೆ. ಹೊಸ ಜಾಗಕ್ಕೆ ತಂದು ಬಿಟ್ಟ ಕುರಿಗಳಲ್ಲಿ ವಲಸೆ ಹೊರಟವು ತೀರಾ ಕಡಿಮೆ, ತಲೆಮಾರುಗಳಿಂದ ಅಲ್ಲೇ ಇದ್ದ ಹಿಂಡುಗಳಲ್ಲಿ ಹೊರಟವೇ ಹೆಚ್ಚು. ಯಾವ ಕಣಿವೆಯಲ್ಲಿ ಹುಲ್ಲು ಯಾವಾಗ ಚಿಗುರುತ್ತದೆ ಎಂಬುದನ್ನು ಹಿರಿಯ ಕುರಿಗಳಿಂದ ಕಿರಿಯವು ಕಲಿಯಬೇಕು. ಹಿಂಡಿಗೆ ಅದು ರೂಢಿಯಾಗಲು ದಶಕಗಳೇ ಹಿಡಿಯುತ್ತವೆ. ಒಂದು ಹಿಂಡು ಅಳಿದರೆ ಈ ತಿಳಿವಳಿಕೆಯೂ ಅಳಿಯುತ್ತದೆ. ಈ ವಿಷಯಕ್ಕೇ ಪ್ರತ್ಯೇಕ ಲೇಖನ ಬೇಕು, ಆಮೇಲೆ ಬರೆಯುವಿರಂತೆ.

ಈಗ ಸಾವಿರದ ಇನ್ನೂರು ಪದಗಳಲ್ಲಿ ಒಲಿಂಪಿಕ್‌ನ ಮೇಕೆಯೊಂದರ ಬಗ್ಗೆ ಮಾತ್ರ ಬರೆದು ಕಳಿಸಿ. ಉಳಿದ ಎಂಟನ್ನು ಬಿಡಿ. ಅಂದು ತೆಗೆದ ಫೋಟೊಗಳಿದ್ದರೆ ಜೊತೆಗಿರಲಿ, ಮಸುಕಾಗಿದ್ದರೂ ಪರವಾಗಿಲ್ಲ. ಸಾಧ್ಯವಾದರೆ ಅಲ್ಲಿನ ಉದ್ಯಾನ ಸಿಬ್ಬಂದಿಯೊಬ್ಬರನ್ನು ಮಾತಾಡಿಸಿ, ಮೇಕೆಗಳು ಹೋದ ಮೇಲೆ ಆ ಇಳಿಜಾರಿನ ಗಿಡಗಳು ಹೇಗಿವೆ ಎಂದು ಕೇಳಿ. ದೀಪಾವಳಿಯ ಒಳಗೆ ಕೈಸೇರಿದರೆ ಡಿಸೆಂಬರ್ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ.

ವಿಶ್ವಾಸದಿಂದ,
ಸಂಪಾದಕ