ರೆಸಾರ್ಟ್ ಕೋಣೆಗಳಲ್ಲಿ ಸಾಕುಪ್ರಾಣಿಗಳಿಗೆ ಅವಕಾಶ ಕೊಡಬೇಕೆ?

ಕೊಡಬಹುದು, ಆದರೆ ಎಲ್ಲ ಕೋಣೆಗಳಲ್ಲೂ ಬೇಡ. ನೆಲಮಹಡಿಯಲ್ಲಿ, ನೇರ ಹೊರಬಾಗಿಲಿರುವ ಕೆಲವನ್ನು ಅದಕ್ಕೆಂದೇ ಮೀಸಲಿಡಿ. ಮುಖ್ಯ ಕಾರಣ ಅಲರ್ಜಿ. ಬೆಕ್ಕಿನ ಜೊಲ್ಲು ಮತ್ತು ಚರ್ಮದ ಹೊಟ್ಟಿನಲ್ಲಿರುವ ಪ್ರೋಟೀನ್ ಹಾಸಿಗೆ, ಕಾರ್ಪೆಟ್‌ಗಳಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಒಂದು ಸಲ ಗುಡಿಸಿ ಒರೆಸಿದರೆ ಹೋಗುವುದಿಲ್ಲ. ಮುಂದೆ ಬರುವ ಆಸ್ತಮಾ ರೋಗಿಗೆ ಇದು ನಿಜವಾದ ಅಪಾಯ.

ಮೀಸಲು ಕೋಣೆಗೆ ಟೈಲ್ಸ್ ನೆಲ, ಹಾಸಿಗೆಗೆ ನೀರು ಇಳಿಯದ ಜಿಪ್ ಕವರ್ ಬೇಕು. ಮೂತ್ರ ಬಿದ್ದರೆ ಉಜ್ಜದೆ ಬಟ್ಟೆಯಿಂದ ಒತ್ತಿ ಹೀರಿಸಿ, ಆಮೇಲೆ ಎನ್ಜೈಮ್ ಕ್ಲೀನರ್ (ಮೂತ್ರದ ಅಂಶಗಳನ್ನು ಒಡೆಯುವ ದ್ರಾವಣ) ಹಾಕಿ 10–15 ನಿಮಿಷ ಬಿಡಿ. ಅಮೋನಿಯಾ ಇರುವ ದ್ರಾವಣ ಬೇಡವೇ ಬೇಡ: ಅದರ ವಾಸನೆ ಮೂತ್ರವನ್ನೇ ಹೋಲುವುದರಿಂದ ಮುಂದಿನ ನಾಯಿಯೂ ಅಲ್ಲೇ ಕಾಲೆತ್ತಬಹುದು. ರೇಷ್ಮೆಗೂಡಿನಂಥ ಕೋಶದೊಳಗಿರುವ ಚಿಗಟಗಳು ಖಾಲಿ ಕೋಣೆಯಲ್ಲೂ ವಾರಗಟ್ಟಲೆ ಬದುಕಿದ್ದು, ಜನ ಓಡಾಡಿದ ಕಂಪನಕ್ಕೆ ಹೊರಬರುತ್ತವೆ. ಹಾಗಾಗಿ ಪ್ರತಿ ಸಲವೂ ಮಂಚದಡಿ, ಗೋಡೆಯಂಚು ವ್ಯಾಕ್ಯೂಮ್ ಮಾಡಿಸಿ.

ನಾಯಿಯನ್ನು ಕೋಣೆಯಲ್ಲಿ ಒಂಟಿಯಾಗಿ ಬಿಡಬಾರದೆಂಬ ನಿಯಮ ಕಡ್ಡಾಯವಿರಲಿ. ಹೊಸ ಜಾಗದಲ್ಲಿ ಒಂಟಿಯಾದರೆ ಅದು ಬೊಗಳುತ್ತದೆ, ಬಾಗಿಲು ಕೆರೆಯುತ್ತದೆ. ಪಾಪ, ಅದಕ್ಕೂ ಹಿಂಸೆ. ಲಸಿಕೆಯ ದಾಖಲೆಯನ್ನು ಬುಕಿಂಗ್ ವೇಳೆಯಲ್ಲೇ ನೋಡಿ. ಅಂಧರ ಮಾರ್ಗದರ್ಶಿ ನಾಯಿಗಳು ಈ ಲೆಕ್ಕಕ್ಕೆ ಸೇರುವುದಿಲ್ಲ. ಹಲವು ದೇಶಗಳಲ್ಲಿ ಅವನ್ನು ತಡೆಯುವುದೇ ಕಾನೂನುಬಾಹಿರ.