ಹುಬ್ಬಳ್ಳಿಯಲ್ಲಿ ಸಣ್ಣ ಲೇತ್ ಶಾಪ್ ಇದೆ. ಎಂಜಿನಿಯರಿಂಗ್ ಉದ್ದಿಮೆಗಳ ಸಂಘ ಸೇರಿದರೆ ಏನು ಉಪಯೋಗ?

ನನ್ನ ಪ್ರಕಾರ ದೊಡ್ಡ ಉಪಯೋಗ ಬಾಕಿ ವಸೂಲಿಯಲ್ಲಿದೆ. ಗೋಕುಲ ರಸ್ತೆ, ತಾರಿಹಾಳದ ಶೆಡ್ಡುಗಳಲ್ಲಿ ಕೇಳಿ ನೋಡಿ. ಕೆಲಸ ಮುಗಿಸಿ ಕೊಟ್ಟಾಗಿದೆ, ಬಿಲ್ಲಿನ ದುಡ್ಡು ಬಂದಿಲ್ಲ ಅನ್ನುವವರೇ ಜಾಸ್ತಿ.

ಸಣ್ಣ ಉದ್ದಿಮೆಗಳಿಗಾಗಿ ಇರುವ 2006ರ ಎಂಎಸ್‌ಎಂಇಡಿ ಕಾಯ್ದೆ ನಿಮ್ಮ ಪರವಾಗಿದೆ. ಸಣ್ಣ ಘಟಕದಿಂದ ಮಾಲು ಪಡೆದವರು, ಲಿಖಿತ ಒಪ್ಪಂದ ಏನೇ ಇರಲಿ, 45 ದಿನದೊಳಗೆ ಹಣ ಕೊಡಲೇಬೇಕು. ಒಪ್ಪಂದವೇ ಇಲ್ಲದಿದ್ದರೆ 15 ದಿನ. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳ ಲೆಕ್ಕದ ಚಕ್ರಬಡ್ಡಿ.

ಆದರೆ ದೂರು ಕೊಟ್ಟರೆ ಮುಂದಿನ ಆರ್ಡರ್ ಹೋಗುತ್ತೆ ಅನ್ನೋ ಭಯ ಇರುತ್ತೆ, ಅಲ್ವಾ? ಸಂಘ ಬೇಕಾಗುವುದು ಇಲ್ಲೇ. ಯಾರೊಬ್ಬರ ಹೆಸರೂ ಮುಂದೆ ಬರದಂತೆ ಎಲ್ಲರ ಪರವಾಗಿ ಮಾತಾಡಬಹುದು. ಅದಕ್ಕೂ ಬಗ್ಗದಿದ್ದರೆ ಇಂಥ ಬಾಕಿ ತಕರಾರು ಬಗೆಹರಿಸುವ ಸರ್ಕಾರಿ ಮಂಡಳಿಯಾದ ಫೆಸಿಲಿಟೇಶನ್ ಕೌನ್ಸಿಲ್‌ಗೆ ಅರ್ಜಿ ಹಾಕುವ ದಾರಿ ಇದೆ. ಅದಕ್ಕೆ ಉದ್ಯಮ್ ನೋಂದಣಿ, ಅಂದರೆ ನಿಮ್ಮದು ಸಣ್ಣ ಉದ್ದಿಮೆ ಅಂತ ಸರ್ಕಾರದಲ್ಲಿ ದಾಖಲಿಸೋದು, ಮೊದಲೇ ಮಾಡಿಸಿಟ್ಟುಕೊಳ್ಳಿ. ಅದು ಉಚಿತ. ಏಜೆಂಟರಿಗೆ ಸುಮ್ನೆ ದುಡ್ಡು ಕೊಡಬೇಡಿ.

ತರಬೇತಿ, ವಸ್ತುಪ್ರದರ್ಶನ, ಕರೆಂಟು-ರಸ್ತೆಯ ಮನವಿ ಇವೆಲ್ಲ ಸಂಘಗಳ ಮಾಮೂಲಿ ಕೆಲಸ. ಚಂದಾ ಕಟ್ಟುವ ಮುಂಚೆ ಒಂದು ಸಭೆಗೆ ಹೋಗಿ ಕೂತು ಬನ್ನಿ. ಬಾಕಿ ಬಿಲ್ಲಿನ ಮಾತು ಅಲ್ಲಿ ಬರುತ್ತಾ ನೋಡಿ.