ಹೋವರ್ಡ್ ಚೆನ್ನಾಗಿ ಆಡಿದರು, ಆದರೆ ನನ್ನ ಓಟು ಟೊಲ್ಡೊಗೆ

ಫುಟ್‌ಬಾಲ್‌ನಲ್ಲಿ ದೇಶದ ತಂಡಕ್ಕೆ ಆಡುವಾಗ ಗೋಲ್‌ಕೀಪರ್ ಒಬ್ಬರೇ ಪಂದ್ಯ ಹೊತ್ತುಕೊಂಡು ನಿಂತದ್ದು ಯಾವಾಗ, 2014ರ ಟಿಮ್ ಹೋವರ್ಡ್ ಆಟವನ್ನು ಮೀರಿಸಿದ್ದು ಯಾವುದಾದರೂ ಇದೆಯಾ ಅಂತ ಕೇಳಿದ್ದೀರಿ. ನನ್ನ ಲೆಕ್ಕದಲ್ಲಿ ಇದೆ. 2000ರ ಯೂರೋ (ಯೂರೋಪಿನ ದೇಶಗಳ ಟೂರ್ನಿ) ಸೆಮಿಫೈನಲ್, ನೆದರ್ಲೆಂಡ್ಸ್ ಎದುರು ಇಟಲಿಯ ಫ್ರಾಂಚೆಸ್ಕೊ ಟೊಲ್ಡೊ.

ಹೋವರ್ಡ್ ಆಟವನ್ನು ಕಡಿಮೆ ಮಾಡಿ ಹೇಳುತ್ತಿಲ್ಲ. ವಿಶ್ವಕಪ್‌ನ ಆ ಪಂದ್ಯದಲ್ಲಿ ಬೆಲ್ಜಿಯಂ ಬಿಡದೆ ನುಗ್ಗುತ್ತಿತ್ತು. ಅಮೆರಿಕದ ಈ ಕೀಪರ್ ಸಿಕ್ಕಿದ್ದಕ್ಕೆಲ್ಲ ಕೈ ಕೊಟ್ಟರು, ಕೈ ಎಟುಕದಿದ್ದಾಗ ಕಾಲು ಕೊಟ್ಟರು. ಮೊದಲು 16 ಸೇವ್ (ಗೋಲಾಗದಂತೆ ತಡೆದ ಹೊಡೆತ) ಅಂದರು, ಆಮೇಲೆ 15 ಅಂತ ತಿದ್ದಿದರು. 90 ನಿಮಿಷ 0-0. ಎಕ್ಸ್‌ಟ್ರಾ ಟೈಮ್‌ಗೆ ಬೆಲ್ಜಿಯಂನ ಲುಕಾಕು ಬಂದರು. ಅದೇ ಸೀಸನ್‌ನಲ್ಲಿ ಎವರ್ಟನ್ ಕ್ಲಬ್‌ಗೆ ಹೋವರ್ಡ್ ಜೊತೆ ಆಡಿದ್ದವರು! ಡಿ ಬ್ರೂಯ್ನ ಗೋಲಿಗೆ ದಾರಿ ಮಾಡಿಕೊಟ್ಟು, ಇನ್ನೊಂದನ್ನು ತಾವೇ ಹೊಡೆದರು. ಬೆಲ್ಜಿಯಂ 2-1ರಲ್ಲಿ ಗೆದ್ದಿತು. ಯಾರೋ ಪುಣ್ಯಾತ್ಮ ವಿಕಿಪೀಡಿಯಾದಲ್ಲಿ ಹೋವರ್ಡ್ ಅವರನ್ನು ಅಮೆರಿಕದ ರಕ್ಷಣಾ ಮಂತ್ರಿ ಮಾಡಿಬಿಟ್ಟಿದ್ದ.

ಆದರೆ ಸೇವ್ ಎಣಿಸಿ ಶ್ರೇಷ್ಠ ಯಾರು ಅಂತ ಹೇಳೋಕೆ ಆಗಲ್ಲ ಅನ್ನೋದು ನನ್ನ ವಾದ. ಕಾಲೇಜಿನಲ್ಲಿ ನಾನೂ ಎರಡು ವರ್ಷ ಗೋಲಿಗೆ ನಿಂತವನು. ಓಡೋಕೆ ಬರಲ್ಲ ಅಂತ ನಿಲ್ಲಿಸಿದ್ದರು, ಅದು ಬೇರೆ ಮಾತು. ಚೆಂಡು ಮೇಲಿಂದ ಮೇಲೆ ಬರುತ್ತಿದ್ದರೆ ಯೋಚನೆಗೆ ಪುರುಸೊತ್ತೇ ಇರಲ್ಲ, ಮೈ ತಾನಾಗೇ ಬೀಳುತ್ತೆ. ಕಷ್ಟ ಇರೋದು ಪೆನಾಲ್ಟಿಯಲ್ಲಿ. ಚೆಂಡು ಇಟ್ಟಾಗಿದೆ, ವಿಸಿಲ್ ಇನ್ನೂ ಆಗಿಲ್ಲ, ಬೆವರಿಗೆ ಗ್ಲೌಸ್ ಒಳಗೆ ಬೆರಳು ಜಾರುತ್ತಿರುತ್ತೆ. ಆಗ ತಲೆ ಕೆಲಸ ಮಾಡೋಕೆ ಶುರು ಮಾಡುತ್ತೆ, ಅದೇ ತೊಂದರೆ. ಆದರೆ ಒಂದನ್ನು ಹಿಡಿದುಬಿಟ್ಟರೆ ಮುಂದಿನವನು ಚೆಂಡು ನೋಡಲ್ಲ, ನಿಮ್ಮನ್ನೇ ನೋಡುತ್ತಾ ಬರುತ್ತಾನೆ.

ಟೊಲ್ಡೊ ರಾತ್ರಿ ಅಂಥದ್ದು. ಪಂದ್ಯ ನಡೆದದ್ದು ಆಮ್‌ಸ್ಟರ್‌ಡ್ಯಾಮ್‌ನಲ್ಲಿ, ಅಂದರೆ ಡಚ್ಚರ ಮನೆಯಲ್ಲೇ. ಕ್ವಾರ್ಟರ್ ಫೈನಲ್‌ನಲ್ಲಿ ಯುಗೊಸ್ಲಾವಿಯಾವನ್ನು 6-1ರಲ್ಲಿ ಚಚ್ಚಿ ಬಂದಿದ್ದ ತಂಡ. 34ನೇ ನಿಮಿಷಕ್ಕೆ ಇಟಲಿಯ ಜಂಬ್ರೊಟ್ಟಾ ಎರಡನೇ ಹಳದಿ ಕಾರ್ಡ್ ತಿಂದು ಹೊರಗೆ ಹೋದರು. ಅಲ್ಲಿಂದ ಹತ್ತೇ ಜನ. ಸ್ವಲ್ಪ ಹೊತ್ತಿಗೆ ಡಚ್ಚರಿಗೆ ಪೆನಾಲ್ಟಿ. ಕ್ಯಾಪ್ಟನ್ ಫ್ರಾಂಕ್ ಡಿ ಬೂರ್ ಹೊಡೆದರು, ಟೊಲ್ಡೊ ತಡೆದರು. ಎರಡನೇ ಅರ್ಧದಲ್ಲಿ ಇನ್ನೊಂದು ಪೆನಾಲ್ಟಿ. ಈ ಸಲ ಕ್ಲೈವರ್ಟ್. ಚೆಂಡು ಕಂಬಕ್ಕೆ ಬಡಿಯಿತು. 120 ನಿಮಿಷ ಮುಗಿದರೂ 0-0.

ಆಮೇಲೆ ಶೂಟೌಟ್, ಅಂದರೆ ಎರಡೂ ತಂಡ ಸರದಿಯಲ್ಲಿ ಪೆನಾಲ್ಟಿ ಹೊಡೆದು ಗೆದ್ದವರು ಯಾರು ಅಂತ ತೀರ್ಮಾನಿಸೋದು. ಡಚ್ಚರ ಕಡೆಯಿಂದ ಮೊದಲು ಬಂದವರು ಮತ್ತೆ ಅದೇ ಡಿ ಬೂರ್! ಟೊಲ್ಡೊ ಮತ್ತೆ ತಡೆದರು. ಸ್ಟಾಮ್ ಬಾರ್ ಮೇಲಿಂದ ಗ್ಯಾಲರಿಗೆ ಕಳಿಸಿದರು. ಕ್ಲೈವರ್ಟ್ ಒಂದು ಹಾಕಿದರು. ಬೊಸ್‌ವೆಲ್ಟ್ ಹೊಡೆದದ್ದನ್ನು ಟೊಲ್ಡೊ ತಡೆದರು, ಅಲ್ಲಿಗೆ ಇಟಲಿಗೆ 3-1, ಕಥೆ ಮುಗಿಯಿತು. ಒಂದೇ ರಾತ್ರಿ ಡಚ್ಚರ ಆರು ಪೆನಾಲ್ಟಿ, ಒಳಗೆ ಹೋದದ್ದು ಒಂದೇ. ಮೂರು ಟೊಲ್ಡೊ ಕೈಯಲ್ಲಿ ನಿಂತವು. ಕಂಬಕ್ಕೆ ಹೊಡೆದದ್ದು, ಆಕಾಶಕ್ಕೆ ಹೊಡೆದದ್ದು ಅವರ ಲೆಕ್ಕಕ್ಕೆ ಬರಲ್ಲ, ನಿಜ. ಆದರೆ ನನ್ನ ಪ್ರಕಾರ ಅವನ್ನೂ ಅರ್ಧರ್ಧ ಅವರ ಖಾತೆಗೇ ಬರೀಬೇಕು. 1.96 ಮೀಟರ್ ಎತ್ತರದ ಮನುಷ್ಯ ಎದುರಿಗೆ ನಿಂತಿದ್ದರೆ, ಅದೂ ಆಗಲೇ ನಿಮ್ಮ ಕ್ಯಾಪ್ಟನ್ ಹೊಡೆದದ್ದನ್ನು ತಡೆದಿದ್ದರೆ, ಮೂಲೆಗೇ ಹೊಡೀಬೇಕು ಅನ್ನಿಸುತ್ತೆ ಅಲ್ವಾ? ಮೂಲೆ ಹುಡುಕಿದವರಿಗೆ ಕಂಬವೂ ಸಿಗುತ್ತೆ.

ಇಂಥ ಪ್ರಶ್ನೆಗೆ ಕೆಲವರು 1970ರಲ್ಲಿ ಪೆಲೆ ಹೆಡರ್ ತಡೆದ ಇಂಗ್ಲೆಂಡ್ ಕೀಪರ್ ಗೋರ್ಡನ್ ಬ್ಯಾಂಕ್ಸ್ ಹೆಸರು ಹೇಳುತ್ತಾರೆ. ಅದ್ಭುತವೇ, ಆದರೆ ಅದು ಒಂದು ಸೇವ್. ನೀವು ಕೇಳಿದ್ದು ಇಡೀ ಪಂದ್ಯ. 2022ರ ವಿಶ್ವಕಪ್ ಫೈನಲ್‌ನಲ್ಲಿ ಕೊನೇ ಗಳಿಗೆಯಲ್ಲಿ ಫ್ರಾನ್ಸ್‌ನ ಕೊಲೊ ಮುವಾನಿ ಹೊಡೆತಕ್ಕೆ ಎಡಗಾಲು ಚಾಚಿದ ಅರ್ಜೆಂಟೀನಾದ ಮಾರ್ಟಿನೆಜ್‌ಗೂ ಇದೇ ಮಾತು. ಅವತ್ತು ಅವರು ಮೂರು ಗೋಲು ಬಿಟ್ಟಿದ್ದರು.

ಟೊಲ್ಡೊ ಹತ್ತಿರಕ್ಕೆ ಬರುವವರು ಇಬ್ಬರು. 1973ರಲ್ಲಿ ವೆಂಬ್ಲಿಯಲ್ಲಿ ಪೋಲೆಂಡ್‌ನ ತೊಮಾಶೆವ್‌ಸ್ಕಿ. ಇಂಗ್ಲೆಂಡಿನ ಫುಟ್‌ಬಾಲ್ ಮ್ಯಾನೇಜರ್ ಬ್ರಯನ್ ಕ್ಲಫ್ ಟಿವಿಯಲ್ಲಿ ಅವರನ್ನು ಕೋಡಂಗಿ ಅಂದಿದ್ದರು. ಗೆಲ್ಲಲೇಬೇಕಿದ್ದ ಇಂಗ್ಲೆಂಡ್ ಹೊಡೆದೂ ಹೊಡೆದೂ ಸುಸ್ತಾಗಿ, ಸಿಕ್ಕಿದ್ದು ಒಂದು ಪೆನಾಲ್ಟಿ ಗೋಲು. 1-1. 1974ರ ವಿಶ್ವಕಪ್‌ಗೆ ಇಂಗ್ಲೆಂಡ್ ಇಲ್ಲ. ಇನ್ನೊಬ್ಬರು ಸ್ವೀಡನ್ನಿನ ಜೆಚಿರಾ ಮುಶೊವಿಚ್. 2023ರ ಮಹಿಳಾ ವಿಶ್ವಕಪ್‌ನಲ್ಲಿ ಅಮೆರಿಕದ ಎದುರು 11 ಸೇವ್, ಒಂದೂ ಗೋಲು ಬಿಡಲಿಲ್ಲ. ಶೂಟೌಟ್‌ನಲ್ಲಿ ಸ್ವೀಡನ್ ಗೆದ್ದದ್ದು ಮಾತ್ರ ಚೆಂಡು ಗೆರೆ ದಾಟಿದ ಒಂದೆರಡು ಮಿಲಿಮೀಟರ್‌ನಲ್ಲಿ.

ಟೊಲ್ಡೊ ವಿಷಯದಲ್ಲಿ ಇನ್ನೊಂದಿದೆ. ಆ ಟೂರ್ನಿಯಲ್ಲಿ ಅವರು ಆಡಬೇಕಾದವರೇ ಅಲ್ಲ. ಕೆಲವೇ ದಿನ ಮುಂಚೆ ನಾರ್ವೆ ಜೊತೆಗಿನ ಫ್ರೆಂಡ್ಲಿಯಲ್ಲಿ ಇಟಲಿಯ ಮೊದಲ ಕೀಪರ್ ಬುಫೋನ್ ಕೈ ಮುರಿದುಕೊಂಡರು, ಹಾಗಾಗಿ ಜಾಗ ಸಿಕ್ಕಿತು. 2002ರ ವಿಶ್ವಕಪ್ ಹೊತ್ತಿಗೆ ಗೋಲಿನಲ್ಲಿ ಮತ್ತೆ ಬುಫೋನ್. ಟೊಲ್ಡೊ ಬೆಂಚಿನಲ್ಲಿ ಕೂತಿದ್ದರು.